ಕ್ಲೌನ್ ಮೀನು ಮತ್ತು ಕಡಲ ಹೂ: ಮನೆಯ ತೊಟ್ಟಿಯಲ್ಲಿ ಜೊತೆಗೂಡಿಸುವ ಕ್ರಮ

ಅಲಂಕಾರಿಕ ಮೀನು ಸಾಕಣೆಯು ಹಲವು ರೈತ ಕುಟುಂಬಗಳಿಗೆ ಒಂದು ಉಪಕಸುಬಾಗಿದೆ. ಗಪ್ಪಿ, ಮೋಲಿ, ಗೋಲ್ಡ್‌ಫಿಷ್ ಮುಂತಾದ ಸಿಹಿನೀರಿನ ಮೀನುಗಳನ್ನು ಸಿಮೆಂಟು ತೊಟ್ಟಿಗಳಲ್ಲಿ ಬೆಳೆಸಿ ಅನುಭವ ಪಡೆದವರು ಈಗ ಉಪ್ಪುನೀರಿನ ಮೀನುಗಳತ್ತಲೂ ಗಮನ ಹರಿಸುತ್ತಿದ್ದಾರೆ. ಇಂತಹ ಮೀನುಗಳಲ್ಲಿ ಹೆಚ್ಚು ಬೇಡಿಕೆಯಿರುವುದು ಕ್ಲೌನ್ ಮೀನಿಗೆ. ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆಗಳನ್ನು ಹೊತ್ತು, ಕೋಡಂಗಿಯಂತೆ ಕುಣಿಯುತ್ತಾ ಈಜುವ ಈ ಮೀನನ್ನು 2003ರಲ್ಲಿ ತೆರೆಕಂಡ ‘ಫೈಂಡಿಂಗ್ ನೀಮೊ’ ಚಲನಚಿತ್ರದ ನಂತರ ಮಕ್ಕಳು ಸಹ ‘ನೀಮೊ’ ಎಂದೇ ಗುರುತಿಸುತ್ತಾರೆ.

ಕ್ಲೌನ್ ಮೀನನ್ನು ಕೊಳ್ಳುವವರು ಅದರ ಜೊತೆಗೆ ಕಡಲ ಹೂವನ್ನೂ (ಸೀ ಎನಿಮೋನ್) ಬಯಸುವುದು ಸಾಮಾನ್ಯ. ಇಲ್ಲಿಯೇ ನಷ್ಟ ಆರಂಭವಾಗುವುದು. ಹೊಸ ತೊಟ್ಟಿಗೆ ಮೀನು ಮತ್ತು ಹೂವನ್ನು ಒಂದೇ ದಿನ ಬಿಟ್ಟರೆ, ಕೆಲವು ವಾರಗಳಲ್ಲಿಯೇ ಹೂ ಕುಗ್ಗಿ ಸಾಯುವ ಸಂಭವ ಹೆಚ್ಚು. ಸತ್ತ ಹೂ ಕೊಳೆತು ನೀರನ್ನು ಕೆಡಿಸುತ್ತದೆ, ಮೀನುಗಳೂ ಸಾಯುತ್ತವೆ. ಈ ಜೋಡಿಯಲ್ಲಿ ಮೀನು ಗಟ್ಟಿಜೀವಿ, ಹೂ ನಾಜೂಕು ಜೀವಿ. ಮೀನಿಗೆ ಸಾಕಾಗುವ ನೀರು ಹೂವಿಗೆ ಸಾಕಾಗುವುದಿಲ್ಲ. ಆದ್ದರಿಂದ ಮೊದಲು ನೀರನ್ನು ಹದಗೊಳಿಸಿ, ಹಲವು ತಿಂಗಳ ನಂತರ ಹೂವನ್ನು ತರುವುದೇ ಈ ಕೆಲಸದ ಮೂಲಸೂತ್ರ. ಅದಕ್ಕೆ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಎರಡು ಜೀವಿಗಳ ಪರಿಚಯ

ಕಡಲ ಹೂ ಎಂಬುದು ಹೆಸರಿಗೆ ಮಾತ್ರ ಹೂ. ಅದು ಹವಳದ ಜೀವಿ ಮತ್ತು ಅಂಬಲಿ ಮೀನುಗಳ (ಜೆಲ್ಲಿ ಮೀನು) ವರ್ಗಕ್ಕೆ ಸೇರಿದ ಪ್ರಾಣಿ. ಕೆಳಗೆ ಬಂಡೆಯನ್ನು ಹಿಡಿದುಕೊಳ್ಳುವ ಪಾದ, ನಡುವೆ ಕಂಬದಂತಹ ದೇಹ, ಮೇಲೆ ಬಾಯಿ, ಬಾಯಿಯ ಸುತ್ತ ನೂರಾರು ಮೆತ್ತನೆಯ ಎಳೆಗಳು ಇರುತ್ತವೆ. ಈ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಕುಟುಕು ಕಣಗಳಿವೆ. ಸಣ್ಣ ಮೀನು ಅಥವಾ ಸೀಗಡಿ ತಾಗಿದೊಡನೆ ಈ ಕಣಗಳು ಮುಳ್ಳಿನಂತೆ ಚುಚ್ಚಿ ವಿಷವನ್ನು ಸೇರಿಸುತ್ತವೆ. ಕಡಲ ಹೂಗಳು ಬಹಳ ಕಾಲ ಬದುಕುವ ಪ್ರಾಣಿಗಳು. ಸ್ಕಾಟ್ಲೆಂಡಿನಲ್ಲಿ 1828ರಲ್ಲಿ ಸರ್ ಜಾನ್ ಡಾಲ್ಯೆಲ್ ಎಂಬ ವಿಜ್ಞಾನಿ ಸಮುದ್ರದಿಂದ ತಂದು ಗಾಜಿನ ಪಾತ್ರೆಯಲ್ಲಿ ಇಟ್ಟ ಒಂದು ಹೂ 1887ರವರೆಗೂ ಬದುಕಿತ್ತು. ಅದು ಮೀನಿಗೆ ಆಶ್ರಯ ಕೊಡುವ ಜಾತಿಯಲ್ಲವಾದರೂ, ಸರಿಯಾದ ಪಾಲನೆಯಿದ್ದರೆ ಇಂತಹ ಪ್ರಾಣಿ ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ.

ಕ್ಲೌನ್ ಮೀನುಗಳಲ್ಲಿ ಸುಮಾರು 30 ಜಾತಿಗಳಿವೆ. ಇವು ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಸಾಗರಗಳ ಬೆಚ್ಚನೆಯ ನೀರಿನಲ್ಲಿ ಮಾತ್ರ ಕಂಡುಬರುತ್ತವೆ. ನೂರಾರು ಜಾತಿಯ ಕಡಲ ಹೂಗಳಿದ್ದರೂ ಈ ಮೀನುಗಳಿಗೆ ಆಶ್ರಯ ನೀಡುವವು ಸುಮಾರು 10 ಜಾತಿಗಳು ಮಾತ್ರ. ಸಿಕ್ಕಿದ ಯಾವುದೋ ಹೂವನ್ನು ತಂದು ತೊಟ್ಟಿಗೆ ಬಿಟ್ಟರೆ ಮೀನು ಅದರೊಳಗೆ ಸೇರದಿರಲು ಇದೊಂದು ಕಾರಣ.

ಒಂದಕ್ಕೊಂದು ಆಗುವ ಪ್ರಯೋಜನ

ಅವರೆ, ತೊಗರಿ ಬೆಳೆಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ನೆಲೆಸಿ ಗಿಡಕ್ಕೆ ಸಾರಜನಕ ಒದಗಿಸುವುದನ್ನೂ, ಗಿಡವು ಅವಕ್ಕೆ ಆಹಾರ ಕೊಡುವುದನ್ನೂ ರೈತರು ಬಲ್ಲರು. ಮೀನು ಮತ್ತು ಹೂವಿನ ಸಹಜೀವನವೂ ಇದೇ ಬಗೆಯದು. ಮೀನಿಗೆ ಹೂ ಒಂದು ಮುಳ್ಳುಬೇಲಿ ಇದ್ದಂತೆ. ದೊಡ್ಡ ಮೀನುಗಳು ಕುಟುಕಿಗೆ ಹೆದರಿ ಹತ್ತಿರ ಬರುವುದಿಲ್ಲ. ಹೂವಿನ ಬುಡದ ಬಂಡೆಯ ಮೇಲೆ ಮೀನು ಸುರಕ್ಷಿತವಾಗಿ ಮೊಟ್ಟೆ ಇಡುತ್ತದೆ.

ಹೂವಿಗೂ ಲಾಭವಿದೆ. ಹೂವಿನ ಅಂಗಾಂಶದೊಳಗೆ ಅತಿ ಸೂಕ್ಷ್ಮವಾದ ಕಂದು ಪಾಚಿಗಳು ವಾಸಿಸುತ್ತವೆ. ಇವು ಬೆಳಕಿನ ಸಹಾಯದಿಂದ ಆಹಾರ ತಯಾರಿಸಿ ಅದರ ಬಹುಪಾಲನ್ನು ಹೂವಿಗೆ ಕೊಡುತ್ತವೆ. ಮೀನು ವಿಸರ್ಜಿಸುವ ಅಮೋನಿಯವು ಈ ಪಾಚಿಗಳಿಗೆ ಗೊಬ್ಬರವಾಗುತ್ತದೆ. ರಾತ್ರಿ ಹೊತ್ತು ಮೀನು ಎಳೆಗಳ ನಡುವೆ ಅಲುಗಾಡುವುದರಿಂದ ಹೂವಿನ ಸುತ್ತ ನೀರು ಚಲಿಸಿ ಆಮ್ಲಜನಕ ದೊರೆಯುತ್ತದೆ. ಅಲ್ಲದೆ, ಹೂವನ್ನು ಕಚ್ಚಿ ತಿನ್ನಲು ಬರುವ ಚಿಟ್ಟೆ ಮೀನುಗಳನ್ನು ಕ್ಲೌನ್ ಮೀನು ಅಟ್ಟಿ ಓಡಿಸುತ್ತದೆ.

ಹೂವು ಕ್ಲೌನ್ ಮೀನನ್ನು ಏಕೆ ಕುಟುಕುವುದಿಲ್ಲ? ಮೀನಿನ ಮೈಮೇಲಿನ ಲೋಳೆಯೇ ಇದಕ್ಕೆ ಕಾರಣ. ಕುಟುಕು ಕಣಗಳನ್ನು ಕೆರಳಿಸುವ ಸಿಯಾಲಿಕ್ ಆಮ್ಲವೆಂಬ ವಸ್ತು ಬೇರೆ ಮೀನುಗಳ ಲೋಳೆಯಲ್ಲಿ ಹೆಚ್ಚಾಗಿದ್ದು, ಕ್ಲೌನ್ ಮೀನಿನ ಲೋಳೆಯಲ್ಲಿ ಬಹಳ ಕಡಮೆ ಇರುವುದು ಕಂಡುಬಂದಿದೆ. ಹೊಸ ಹೂವನ್ನು ಕಂಡಾಗ ಮೀನು ಮೊದಲು ಬಾಲವನ್ನೋ ಈಜುರೆಕ್ಕೆಯನ್ನೋ ತಾಗಿಸಿ ಹಿಂದೆ ಸರಿಯುತ್ತದೆ. ಹೀಗೆ ಹಲವು ಬಾರಿ ಮಾಡಿ ಕೊನೆಗೆ ಒಳಗೆ ಸೇರುತ್ತದೆ.

ಯಾವ ಮೀನಿಗೆ ಯಾವ ಹೂ?

ಪ್ರತಿಯೊಂದು ಜಾತಿಯ ಮೀನಿಗೂ ತನ್ನದೇ ಆದ ಆಯ್ಕೆ ಇದೆ. ಮುಖ್ಯವಾದವು ಇಂತಿವೆ:

1. ಒಸೆಲ್ಲಾರಿಸ್ ಕ್ಲೌನ್ ಮೀನು (ನೀಮೊ ಎಂದು ಮಾರುವುದು ಇದನ್ನೇ): ಸಮುದ್ರದಲ್ಲಿ ಮ್ಯಾಗ್ನಿಫಿಕಾ ಹೂ ಮತ್ತು ಎರಡು ಬಗೆಯ ಜಮಖಾನೆ ಹೂಗಳಲ್ಲಿ ವಾಸಿಸುತ್ತದೆ. ತೊಟ್ಟಿಯಲ್ಲಿ ಗುಳ್ಳೆತುದಿ ಹೂವನ್ನೂ ಒಪ್ಪಿಕೊಳ್ಳುತ್ತದೆ.

2. ಸೆಬೆ ಕ್ಲೌನ್ ಮೀನು: ಮನ್ನಾರ್ ಕೊಲ್ಲಿಯೂ ಸೇರಿದಂತೆ ನಮ್ಮ ದೇಶದ ಕರಾವಳಿಯಲ್ಲಿ ದೊರೆಯುವ ಜಾತಿ. ಮರಳಿನಲ್ಲಿ ಹುದುಗಿರುವ ಹ್ಯಾಡನ್ ಜಮಖಾನೆ ಹೂ ಇದರ ಮನೆ.

3. ಕ್ಲಾರ್ಕಿ ಕ್ಲೌನ್ ಮೀನು: ಆಶ್ರಯ ನೀಡುವ ಹತ್ತೂ ಜಾತಿಯ ಹೂಗಳಲ್ಲಿ ಬಾಳಬಲ್ಲದು. ಹೊಸಬರಿಗೆ ಸುಲಭ.

4. ಟೊಮೆಟೊ ಮತ್ತು ಮೆರೂನ್ ಕ್ಲೌನ್ ಮೀನುಗಳು: ಮುಖ್ಯವಾಗಿ ಗುಳ್ಳೆತುದಿ ಹೂವನ್ನು ಆಶ್ರಯಿಸುತ್ತವೆ. ಜಗಳಗಂಟ ಸ್ವಭಾವದವು.

5. ಕಪ್ಪುಪಾದದ ಕ್ಲೌನ್ ಮೀನು: ಮಾಲ್ಡೀವ್ಸ್, ಶ್ರೀಲಂಕಾ ಸುತ್ತಿನ ಜಾತಿ. ಮ್ಯಾಗ್ನಿಫಿಕಾ ಹೂವನ್ನು ಮಾತ್ರ ಒಪ್ಪುತ್ತದೆ.

ಇವುಗಳ ಪೈಕಿ ಮನೆಯ ತೊಟ್ಟಿಗೆ ಹೆಚ್ಚು ಹೊಂದುವುದು ಒಸೆಲ್ಲಾರಿಸ್ ಮೀನು ಮತ್ತು ಗುಳ್ಳೆತುದಿ ಹೂವಿನ ಜೋಡಿ. ಗುಳ್ಳೆತುದಿ ಹೂ ತೊಟ್ಟಿಯಲ್ಲಿಯೇ ಎರಡಾಗಿ ಸೀಳಿಕೊಂಡು ವೃದ್ಧಿಯಾಗುವುದರಿಂದ, ಸಮುದ್ರದಿಂದ ತೆಗೆಯದೆ ತೊಟ್ಟಿಯಲ್ಲಿಯೇ ಬೆಳೆದ ಹೂ ದೊರೆಯುವ ಅವಕಾಶವಿದೆ. ಹ್ಯಾಡನ್ ಜಮಖಾನೆ ಹೂ ಅರ್ಧ ಮೀಟರಿಗಿಂತ ಅಗಲವಾಗಿ ಬೆಳೆಯುತ್ತದೆ. ಅದರ ಕುಟುಕು ಬಲವಾದದ್ದು, ಇತರ ಮೀನುಗಳನ್ನು ಹಿಡಿದು ತಿಂದುಬಿಡುತ್ತದೆ. ಮ್ಯಾಗ್ನಿಫಿಕಾ ಹೂವಿಗೆ ಬಹಳ ಪ್ರಖರವಾದ ಬೆಳಕು ಬೇಕು, ಅದು ತೊಟ್ಟಿಯಲ್ಲಿ ಉಳಿಯುವುದು ಕಷ್ಟ. ಹೊಸಬರು ಇವೆರಡನ್ನೂ ತಾರದಿರುವುದು ಲೇಸು.

ಹೂ ಇಲ್ಲದೆಯೂ ಮೀನು ಬಾಳುತ್ತದೆ

ಸಮುದ್ರದಲ್ಲಿ ಹೂವಿನ ಆಶ್ರಯವಿಲ್ಲದ ಕ್ಲೌನ್ ಮೀನು ಬೇಗನೆ ಬೇರೆ ಮೀನಿಗೆ ಆಹಾರವಾಗುತ್ತದೆ. ಆದರೆ ತೊಟ್ಟಿಯಲ್ಲಿ ಶತ್ರುಗಳಿಲ್ಲ. ಅಲ್ಲಿ ಹೂ ಇಲ್ಲದೆಯೂ ಮೀನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು, ಜೋಡಿಯಾಗಿ ಮೊಟ್ಟೆಯನ್ನೂ ಇಡುತ್ತದೆ. ಮೊಟ್ಟೆ ಇಡಲು ಒಂದು ಹಂಚಿನ ತುಂಡು ಅಥವಾ ಮಗುಚಿದ ಸಣ್ಣ ಮಣ್ಣಿನ ಕುಂಡ ಸಾಕು. ಮೊದಲ ವರ್ಷದ ಅನುಭವವನ್ನು ಬರೀ ಮೀನಿನೊಡನೆ ಪಡೆಯುವುದು ಸೂಕ್ತ. ಕೊಳ್ಳಲು ಬಂದ ಗ್ರಾಹಕರಿಗೂ ಇದನ್ನೇ ತಿಳಿಸಬೇಕು. ಒಂದು ಹೂವನ್ನು ಹೆಚ್ಚಿಗೆ ಮಾರಿದ ಲಾಭಕ್ಕಿಂತ, ಮೀನು ಸತ್ತು ಗ್ರಾಹಕ ಮತ್ತೆ ಬಾರದೆ ಹೋಗುವ ನಷ್ಟ ದೊಡ್ಡದು.

ತೊಟ್ಟಿ ಮತ್ತು ನೀರು

ಒಂದು ಜೊತೆ ಒಸೆಲ್ಲಾರಿಸ್ ಮೀನು ಮತ್ತು ಒಂದು ಗುಳ್ಳೆತುದಿ ಹೂವಿಗೆ 3 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರದ ಗಾಜಿನ ತೊಟ್ಟಿ ಸರಿಹೋಗುತ್ತದೆ. ಇದರಲ್ಲಿ ಸುಮಾರು 190 ಲೀಟರು ನೀರು ಹಿಡಿಯುತ್ತದೆ. ತೊಟ್ಟಿ ಚಿಕ್ಕದಾದಷ್ಟೂ ನೀರಿನ ಗುಣ ಬೇಗ ಬೇಗ ಏರುಪೇರಾಗುತ್ತದೆ. ಹೂ ಸಹಿಸದಿರುವುದು ಈ ಏರುಪೇರನ್ನೇ.

ಒಳನಾಡಿನ ರೈತರು ಅಂಗಡಿಯಲ್ಲಿ ದೊರೆಯುವ ಕೃತಕ ಸಮುದ್ರ ಲವಣವನ್ನು ಬಳಸಬೇಕು. ಅಡುಗೆಯ ಉಪ್ಪು ಅಥವಾ ಕಲ್ಲುಪ್ಪು ಇದಕ್ಕೆ ಬದಲಿಯಲ್ಲ. ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದ ಲವಣಗಳು ಅದರಲ್ಲಿ ತಕ್ಕ ಪ್ರಮಾಣದಲ್ಲಿರುವುದಿಲ್ಲ. ಲೀಟರಿಗೆ 35ರಿಂದ 40 ಗ್ರಾಂ ಸಮುದ್ರ ಲವಣವನ್ನು ಬೆರೆಸಿ, ಒಂದು ದಿನ ಗಾಳಿಯಾಡಿಸಿ, ಸಾಂದ್ರತಾ ಮಾಪಕದಿಂದ ಅಳೆದು ನೋಡಬೇಕು. 190 ಲೀಟರಿಗೆ ಸುಮಾರು 7 ಕಿಲೋ ಲವಣ ಬೇಕಾಗುತ್ತದೆ. ಕೊಳವೆ ಬಾವಿಯ ಗಡಸು ನೀರು, ಗೊಬ್ಬರದ ಅಂಶ ಬಸಿದು ಬಂದ ತೋಟದ ಬಾವಿಯ ನೀರು, ಕ್ಲೋರಿನ್ ಹಾಕಿದ ನಲ್ಲಿಯ ನೀರು ಇವು ಯಾವುವೂ ತಕ್ಕವಲ್ಲ. ಆರ್.ಓ. ಯಂತ್ರದಿಂದ ಶುದ್ಧಿಯಾದ ನೀರು ಒಳ್ಳೆಯದು.

ಕರಾವಳಿಯ ರೈತರು ಸಮುದ್ರದ ನೀರನ್ನೇ ಬಳಸಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆಗಳ ಕೆಂಪು ನೀರು ಸೇರಿ ದಡದ ಬಳಿ ಲವಣಾಂಶ ಬಹಳ ಇಳಿಯುತ್ತದೆ. ಬೇಸಿಗೆಯಲ್ಲಿ ಅಳಿವೆಯಿಂದ ದೂರದ ಸ್ವಚ್ಛ ಸ್ಥಳದಲ್ಲಿ ನೀರನ್ನು ಸಂಗ್ರಹಿಸಿ, ಬಟ್ಟೆಯಲ್ಲಿ ಸೋಸಿ, ಮುಚ್ಚಿದ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕತ್ತಲೆಯಲ್ಲಿಟ್ಟು, ಎರಡು ವಾರ ತಿಳಿಯಾಗಲು ಬಿಟ್ಟು ಬಳಸಬೇಕು. ಮಳೆಗಾಲಕ್ಕೆ ಸಾಕಾಗುವಷ್ಟನ್ನು ಮೊದಲೇ ತುಂಬಿಡುವುದು ಮೇಲು.

ನೀರಿನ ಗುಣಗಳು ಈ ಕೆಳಕಂಡಂತೆ ಇರಬೇಕು:

ಲವಣಾಂಶ: ಸಾವಿರಕ್ಕೆ 33ರಿಂದ 35 ಭಾಗ
ಸಾಪೇಕ್ಷ ಸಾಂದ್ರತೆ: 1.024ರಿಂದ 1.026
ಉಷ್ಣತೆ: 25ರಿಂದ 28 ಡಿಗ್ರಿ ಸೆಂಟಿಗ್ರೇಡ್
ಪಿ.ಎಚ್.: 8.1ರಿಂದ 8.4
ಅಮೋನಿಯ ಮತ್ತು ನೈಟ್ರೈಟ್: ಸೊನ್ನೆ
ನೈಟ್ರೇಟ್: ಲೀಟರಿಗೆ 10 ಮಿಲಿಗ್ರಾಂಗಿಂತ ಕಡಮೆ

ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಮೆಯಾದ ನೀರನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ಪ್ರತಿದಿನ ತುಂಬಬೇಕು. ಉಪ್ಪುನೀರನ್ನು ತುಂಬಿದರೆ ಲವಣಾಂಶ ದಿನದಿನಕ್ಕೆ ಏರುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ನೀರಿನ ಉಷ್ಣತೆ 30 ಡಿಗ್ರಿ ದಾಟದಂತೆ ತೊಟ್ಟಿಯ ಮೇಲ್ಭಾಗಕ್ಕೆ ಗಾಳಿ ಬೀಸುವ ಸಣ್ಣ ಪಂಖವನ್ನು ಅಳವಡಿಸಬಹುದು.

ತೊಟ್ಟಿ ಹದಗೊಳ್ಳುವ ಕಾಲ

ಹೊಲಕ್ಕೆ ಹಾಕಿದ ಯೂರಿಯವನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಅಮೋನಿಯ ರೂಪಕ್ಕೂ ನಂತರ ನೈಟ್ರೇಟ್ ರೂಪಕ್ಕೂ ತರುತ್ತವೆ. ತೊಟ್ಟಿಯಲ್ಲಿಯೂ ಇದೇ ಕ್ರಿಯೆ ನಡೆಯಬೇಕು. ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಬರುವ ಅಮೋನಿಯ ಘೋರ ವಿಷ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಗುಂಪು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಸೂಕ್ಷ್ಮಜೀವಿಗಳು ಶೋಧಕದ ಸೆರಾಮಿಕ್ ತುಂಡುಗಳ ಮೇಲೂ ಮರಳಿನಲ್ಲಿಯೂ ನೆಲೆಗೊಳ್ಳಲು 4ರಿಂದ 6 ವಾರ ಬೇಕು. ತೊಟ್ಟಿಗೆ ನೀರು ತುಂಬಿ, ಶೋಧಕವನ್ನು ನಡೆಸುತ್ತಾ, ಒಂದು ಸಣ್ಣ ಸೀಗಡಿ ತುಂಡನ್ನು ಹಾಕಿ ಈ ಕ್ರಿಯೆಯನ್ನು ಆರಂಭಿಸಬಹುದು. ಪರೀಕ್ಷಾ ದ್ರಾವಣಗಳಿಂದ ವಾರಕ್ಕೆ ಎರಡು ಬಾರಿ ನೋಡಿ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಮೀನನ್ನು ಬಿಡಬೇಕು.

ಹೂವಿಗೆ ಇಷ್ಟು ಸಾಲದು. ತೊಟ್ಟಿ ಆರಂಭವಾಗಿ ಕನಿಷ್ಠ 6 ತಿಂಗಳು, ಸಾಧ್ಯವಾದರೆ ಒಂದು ವರ್ಷ ಕಳೆಯಬೇಕು. ಈ ಅವಧಿಯಲ್ಲಿ ನೀರಿನ ಗುಣಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಒಳ್ಳೆಯ ಅಭ್ಯಾಸ. ಸತತವಾಗಿ ಮೂರು ತಿಂಗಳು ಏರುಪೇರಿಲ್ಲದ ಲೆಕ್ಕ ಕಂಡುಬಂದರೆ ತೊಟ್ಟಿ ಹೂವಿಗೆ ಸಿದ್ಧವಾಗಿದೆ ಎಂದು ತಿಳಿಯಬಹುದು. ಕೊಟ್ಟಿಗೆ ಕಟ್ಟುವ ಮೊದಲೇ ಹಸು ತರುವ ಪದ್ಧತಿ ಇಲ್ಲವಷ್ಟೆ!

ಬೆಳಕು ಮತ್ತು ನೀರಿನ ಚಲನೆ

ಹೂವಿನ ಒಳಗಿನ ಪಾಚಿಗೆ ಬಿಸಿಲು ಬೇಕು. ಸಾಧಾರಣ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಹೂ ಕೆಲವು ತಿಂಗಳು ಬದುಕಿರುವಂತೆ ಕಂಡರೂ ನಿಜವಾಗಿ ಹಸಿವಿನಿಂದ ಸೊರಗುತ್ತಿರುತ್ತದೆ. ಸಮುದ್ರದ ತೊಟ್ಟಿಗೆಂದೇ ತಯಾರಾದ ಬಿಳಿ ಮತ್ತು ನೀಲಿ ಬಣ್ಣದ ಎಲ್.ಇ.ಡಿ. ದೀಪಗಳನ್ನು ದಿನಕ್ಕೆ 8ರಿಂದ 10 ಗಂಟೆ ಉರಿಸಬೇಕು. ಕಿಟಕಿಯ ನೇರ ಬಿಸಿಲಿಗೆ ತೊಟ್ಟಿಯನ್ನು ಇಟ್ಟರೆ ನೀರು ಕಾಯುತ್ತದೆ, ಬೇಡದ ಪಾಚಿಯೂ ಬೆಳೆಯುತ್ತದೆ. ನೀರನ್ನು ಚಲಿಸುವಂತೆ ಮಾಡುವ ಪಂಪು ಅಗತ್ಯ. ಆದರೆ ಅದರ ಬಾಯಿಗೆ ತಪ್ಪದೆ ಜಾಲರಿ ಅಥವಾ ಸ್ಪಂಜು ಹೊದಿಸಬೇಕು. ಕಡಲ ಹೂ ತನಗೆ ಒಗ್ಗುವ ಸ್ಥಳ ಹುಡುಕುತ್ತಾ ನಡೆಯುತ್ತದೆ. ಹಾಗೆ ನಡೆದು ಪಂಪಿಗೆ ಸಿಲುಕಿ ಛಿದ್ರವಾಗುವುದು ಹೂ ಸಾಯಲು ಸಾಮಾನ್ಯ ಕಾರಣಗಳಲ್ಲಿ ಒಂದು.

ವಿದ್ಯುತ್ ನಿಂತಾಗ ಆಮ್ಲಜನಕದ ಕೊರತೆಯಾಗದಂತೆ ಬ್ಯಾಟರಿಯಿಂದ ನಡೆಯುವ ಗಾಳಿ ಪಂಪನ್ನು ಸಿದ್ಧವಾಗಿ ಇಟ್ಟಿರಬೇಕು. ಮಳೆಗಾಲದಲ್ಲಿ ಇದು ಬಹಳ ಮುಖ್ಯ.

ಹೂವಿನ ಆಯ್ಕೆ ಮತ್ತು ಬಿಡುವ ವಿಧಾನ

ಒಳ್ಳೆಯ ಹೂವಿನ ಬಾಯಿ ಬಿಗಿಯಾಗಿ ಮುಚ್ಚಿರುತ್ತದೆ. ಎಳೆಗಳು ತುಂಬಿಕೊಂಡು ಬೆರಳಿಗೆ ಅಂಟುವಂತಿರುತ್ತವೆ. ಪಾದದಲ್ಲಿ ಹರಿದ ಗಾಯವಿರುವುದಿಲ್ಲ. ಪಾದ ಹರಿದ ಹೂ ಉಳಿಯುವುದು ಅಪರೂಪ. ಬಣ್ಣದಿಂದ ಮೋಸ ಹೋಗಬಾರದು. ಅಚ್ಚ ಬಿಳಿಯ ಹೂ ಸುಂದರವಾಗಿ ಕಂಡರೂ ಅದು ತನ್ನೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚಿದ ಹೂ. ಕಣ್ಣು ಕುಕ್ಕುವ ಹಳದಿ ಅಥವಾ ಗುಲಾಬಿ ಬಣ್ಣದವು ಹಲವು ಬಾರಿ ಬಣ್ಣ ಅದ್ದಿದವಾಗಿರುತ್ತವೆ. ಕಂದು ಅಥವಾ ಹಸಿರು ಮಿಶ್ರಿತ ಕಂದು ಆರೋಗ್ಯದ ಗುರುತು. ಹೂವಿನ ಅಗಲ ಮೀನಿನ ಉದ್ದದ ಎರಡು, ಮೂರು ಪಟ್ಟು ಇರಬೇಕು. ಚಿಕ್ಕ ಹೂವಿಗೆ ದೊಡ್ಡ ಮೀನು ಸೇರಿದರೆ ಅದರ ಉಜ್ಜಾಟಕ್ಕೆ ಹೂ ಮುದುಡಿಕೊಳ್ಳುತ್ತದೆ.

ತಂದ ಚೀಲದ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದೆರಡು ಗಂಟೆ ಕಾಲ ಸೇರಿಸಿ, ಎರಡೂ ನೀರಿನ ಲವಣಾಂಶ ಸಮನಾದ ನಂತರ ಹೂವನ್ನು ಬಿಡಬೇಕು. ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಕಲ್ಲಿನ ಸಂದಿಯ ಬಳಿ ಪಾದ ಕೆಳಗಾಗುವಂತೆ ಇಡಬೇಕು. ಹಿಡಿದುಕೊಂಡ ಮೇಲೆ ಎಳೆದು ಕೀಳಬಾರದು. ಮೊದಲ ವಾರ ದೀಪವನ್ನು ಕಡಮೆ ಹೊತ್ತು ಉರಿಸಿ ಕ್ರಮೇಣ ಹೆಚ್ಚಿಸಬೇಕು. ಹೂವಿಗೆ ಕೈ ಸೋಕಿಸುವಾಗ ರಬ್ಬರಿನ ಕೈಚೀಲ ಧರಿಸುವುದು ಒಳ್ಳೆಯದು.

ಮೀನಿನ ಜೋಡಿ

ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿ ಬೆಳೆಯುತ್ತವೆ. ಒಂದು ಹೂವಿನಲ್ಲಿರುವ ಗುಂಪಿನಲ್ಲಿ ಅತಿ ದೊಡ್ಡದು ಹೆಣ್ಣು, ಎರಡನೆಯದು ಗಂಡು, ಉಳಿದವು ಬೆಳವಣಿಗೆ ತಡೆಹಿಡಿದ ಚಿಕ್ಕ ಮೀನುಗಳು. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಮಾರ್ಪಡುತ್ತದೆ. ಗುಂಪಿನ ಮುಂದಿನ ಮೀನು ಗಂಡಿನ ಸ್ಥಾನಕ್ಕೆ ಏರುತ್ತದೆ. 1977ರಲ್ಲಿ ಫ್ರಿಕೆ ಎಂಬ ಜರ್ಮನ್ ವಿಜ್ಞಾನಿ ದಂಪತಿಗಳು ಈ ಸಂಗತಿಯನ್ನು ಪ್ರಕಟಿಸಿದರು.

ಇದರಿಂದ ರೈತರಿಗೆ ಒಂದು ಅನುಕೂಲವಿದೆ. ಗಂಡು, ಹೆಣ್ಣು ಎಂದು ಹುಡುಕಬೇಕಾಗಿಲ್ಲ. ಒಂದು ದೊಡ್ಡ, ಒಂದು ಚಿಕ್ಕ ಮರಿಯನ್ನು ಒಟ್ಟಿಗೆ ಬಿಟ್ಟರೆ ಸಾಕು, ದೊಡ್ಡದು ಹೆಣ್ಣಾಗುತ್ತದೆ. ಚಿಕ್ಕ ಮೀನು ಮೈ ನಡುಗಿಸಿ ಶರಣಾಗುವುದು ಜೋಡಿ ಕೂಡಿದ ಲಕ್ಷಣ. ಎರಡು ಬೆಳೆದ ಹೆಣ್ಣುಗಳನ್ನು ಸೇರಿಸಿದರೆ ಒಂದು ಸಾಯುವವರೆಗೂ ಕಾದಾಡುತ್ತವೆ. ಸಣ್ಣ ತೊಟ್ಟಿಯಲ್ಲಿ ಮೂರನೆಯ ಮೀನನ್ನಾಗಲಿ ಬೇರೆ ಜಾತಿಯ ಕ್ಲೌನ್ ಮೀನನ್ನಾಗಲಿ ಬಿಡಬಾರದು.

ಮೀನು ಹೂವಿಗೆ ಸೇರುವುದು

ಹೂ ನೆಲೆ ನಿಂತ ಮೇಲೆ ಜಾತಿ ಸರಿಯಾಗಿದ್ದರೆ ಮೀನು ಕೆಲವು ನಿಮಿಷಗಳಲ್ಲಿಯೇ ಸೇರಬಹುದು, ಕೆಲವು ವಾರಗಳೂ ಹಿಡಿಯಬಹುದು. ಸಮುದ್ರದಲ್ಲಿ ಮೊಟ್ಟೆಗಳು ಹೂವಿನ ಬುಡದಲ್ಲಿಯೇ ಇರುವುದರಿಂದ ಒಳಗಿನ ಮರಿ ಹುಟ್ಟುವ ಮೊದಲೇ ಹೂವಿನ ವಾಸನೆಯನ್ನು ಗುರುತಿಟ್ಟುಕೊಳ್ಳುತ್ತದೆ. ಮರಿ ಕೇಂದ್ರದಲ್ಲಿ ಹುಟ್ಟಿದ ಮೀನು ಹೂವನ್ನೇ ಕಂಡಿರುವುದಿಲ್ಲ. ಆದ್ದರಿಂದ ಅದು ಕಲಿಯಲು ಸಮಯ ಬೇಕು. ಬಲೆಯಿಂದ ಹಿಡಿದು ಹೂವಿನೊಳಗೆ ತಳ್ಳಿದರೆ ಮೈ ಲೋಳೆ ಕಿತ್ತುಹೋಗಿ ಮೀನಿಗೆ ಕುಟುಕು ತಗಲುತ್ತದೆ. ಹೂವಿನ ಬಳಿ ಆಹಾರ ಹಾಕಿ ಮೀನನ್ನು ಆ ಕಡೆಗೆ ರೂಢಿಸುವುದು ಸರಿಯಾದ ಉಪಾಯ. ಸೇರದೆ ಹೋದರೂ ಎರಡಕ್ಕೂ ಕೇಡಿಲ್ಲ.

ಆಹಾರ ಮತ್ತು ನಿತ್ಯದ ಪಾಲನೆ

ಮೀನಿಗೆ ದಿನಕ್ಕೆ ಎರಡು ಬಾರಿ, ಎರಡು ಮೂರು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು. ಹರಳು ಆಹಾರ, ಆರ್ಟೀಮಿಯ, ಸಣ್ಣಗೆ ಹೆಚ್ಚಿದ ಸೀಗಡಿ ಇವು ಒಗ್ಗುತ್ತವೆ. ಹೂವಿಗೆ ವಾರಕ್ಕೆ ಒಂದೆರಡು ಬಾರಿ, ಅದರ ಬಾಯಿಗಿಂತ ಚಿಕ್ಕದಾದ ಸೀಗಡಿ ಅಥವಾ ಮೀನಿನ ತುಂಡನ್ನು ಎಳೆಗಳ ಮೇಲೆ ಇಡಬೇಕು. ದೊಡ್ಡ ತುಂಡನ್ನು ಹೂ ಕಕ್ಕಿಬಿಡುತ್ತದೆ. ಅದು ಕೊಳೆಯುವ ಮೊದಲೇ ತೆಗೆಯಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಪಾಲು ನೀರನ್ನು ಬದಲಿಸಬೇಕು.

ತಾಮ್ರದ ವಿಷಯದಲ್ಲಿ ರೈತರು ವಿಶೇಷ ಎಚ್ಚರ ವಹಿಸಬೇಕು. ಅತ್ಯಲ್ಪ ತಾಮ್ರವೂ ಕಡಲ ಹೂವನ್ನು ಕೊಲ್ಲುತ್ತದೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ದಿನ, ಮೈಲುತುತ್ತ ಮುಟ್ಟಿದ ಕೈಯನ್ನು ತೊಟ್ಟಿಗೆ ಹಾಕಬಾರದು. ಸಿಂಪರಣೆಗೆ ಬಳಸಿದ ಬಕೆಟ್ಟು, ಕೊಳವೆಗಳನ್ನೂ ತಾಮ್ರದ ಹಂಡೆ, ಹಿತ್ತಾಳೆಯ ಚೆಂಬನ್ನೂ ತೊಟ್ಟಿಯ ಕೆಲಸಕ್ಕೆ ಉಪಯೋಗಿಸಬಾರದು. ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ ಕೊಡುವ ಔಷಧಿಗಳಲ್ಲಿಯೂ ತಾಮ್ರ ಇರುತ್ತದೆ. ಅಂತಹ ಮೀನನ್ನು ಬೇರೆ ತೊಟ್ಟಿಗೆ ತೆಗೆದು ಚಿಕಿತ್ಸೆ ನೀಡಬೇಕು. ಹೊಸದಾಗಿ ತಂದ ಮೀನನ್ನು 4 ವಾರ ಪ್ರತ್ಯೇಕವಾಗಿಟ್ಟು ನೋಡುವುದು ಇದಕ್ಕಿಂತ ಉತ್ತಮ.

ತೊಂದರೆಯ ಲಕ್ಷಣಗಳು

ಹೂ ದಿನದಲ್ಲಿ ಒಂದೆರಡು ಬಾರಿ ಕುಗ್ಗಿ ಮತ್ತೆ ಅರಳುವುದು ಸಹಜ. ಅದು ಮಲಿನ ನೀರನ್ನು ಹೊರಹಾಕುವ ರೀತಿ. ಆದರೆ ಕೆಳಗಿನ ಲಕ್ಷಣಗಳನ್ನು ಅಲಕ್ಷಿಸಬಾರದು:

ಪದೇ ಪದೇ ಸ್ಥಳ ಬದಲಿಸುವುದು: ಬೆಳಕು ಅಥವಾ ನೀರಿನ ಚಲನೆ ಒಗ್ಗಿಲ್ಲ. ಇವನ್ನು ಸರಿಪಡಿಸಬೇಕು.

ಬಣ್ಣ ಬಿಳಿಚುವುದು: ಉಷ್ಣತೆ ಹೆಚ್ಚಾಗಿದೆ, ಬೆಳಕು ಕಡಮೆಯಾಗಿದೆ ಅಥವಾ ಇದ್ದಕ್ಕಿದ್ದಂತೆ ಹೆಚ್ಚಿದೆ. ಉಷ್ಣತೆಯನ್ನು ಇಳಿಸಿ, ಬೆಳಕನ್ನು ನಿಧಾನವಾಗಿ ಹೊಂದಿಸಿ, ಸಣ್ಣ ತುಂಡುಗಳ ಆಹಾರವನ್ನು ಸ್ವಲ್ಪ ಹೆಚ್ಚು ಬಾರಿ ಕೊಡಬೇಕು. ಚೇತರಿಸಲು ತಿಂಗಳುಗಳು ಬೇಕಾಗುತ್ತವೆ.

ಬಾಯಿ ತೆರೆದೇ ಇರುವುದು, ಎಳೆಗಳು ಅಂಟದಿರುವುದು: ನೀರು ಕೆಟ್ಟಿದೆ. ಕೂಡಲೇ ಪರೀಕ್ಷಿಸಿ ಕಾಲು ಭಾಗ ನೀರನ್ನು ಬದಲಿಸಬೇಕು.

ದೇಹ ಕರಗಿ ದುರ್ವಾಸನೆ ಬರುವುದು: ಹೂ ಸತ್ತಿದೆ. ತಡಮಾಡದೆ ತೆಗೆದು ಅರ್ಧದಷ್ಟು ನೀರನ್ನು ಬದಲಿಸದಿದ್ದರೆ ಮೀನುಗಳೂ ಉಳಿಯವು.

ಮೊಟ್ಟೆ ಮತ್ತು ಮರಿ

ಚೆನ್ನಾಗಿ ಹೊಂದಿಕೊಂಡ ಜೋಡಿ ಹೂವಿನ ಬುಡದಲ್ಲಿ ಅಥವಾ ಹಂಚಿನ ಮೇಲೆ ಕೆಲವು ನೂರು ಕಿತ್ತಳೆ ಬಣ್ಣದ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಮೀನು ರೆಕ್ಕೆ ಬೀಸಿ ಅವುಗಳಿಗೆ ಗಾಳಿಯಾಡಿಸುತ್ತದೆ, ಕೆಟ್ಟ ಮೊಟ್ಟೆಗಳನ್ನು ತೆಗೆದುಹಾಕುತ್ತದೆ. 6ರಿಂದ 8ನೆಯ ದಿನ, ಕತ್ತಲಾದ ಮೇಲೆ ಮರಿಗಳು ಹೊರಬರುತ್ತವೆ. ಇವಕ್ಕೆ ಮೊದಲ ಆಹಾರ ರೋಟಿಫರ್ ಎಂಬ ಸೂಕ್ಷ್ಮಪ್ರಾಣಿ, ನಂತರ ಆಗ ತಾನೇ ಒಡೆದ ಆರ್ಟೀಮಿಯ ಮರಿಗಳು. ರೋಟಿಫರ್ ಬೆಳೆಸಲು ಹಸಿರು ಪಾಚಿಯ ಕೃಷಿಯೂ ಬೇಕು. ಆದ್ದರಿಂದ ಮರಿ ಬೆಳೆಸುವುದನ್ನು ತರಬೇತಿ ಪಡೆಯದೆ ಕೈಗೊಳ್ಳಬಾರದು. ಮರಿ ಕೇಂದ್ರದಿಂದ ಪಟ್ಟೆ ಮೂಡಿದ ಮರಿಗಳನ್ನು ತಂದು ಮಾರಾಟದ ಗಾತ್ರಕ್ಕೆ ಬೆಳೆಸುವುದು ಆರಂಭಕ್ಕೆ ತಕ್ಕ ಮಾರ್ಗ.

ಸಮುದ್ರದ ಸಂಪತ್ತು ಮತ್ತು ಕಾನೂನು

ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ತಮಿಳುನಾಡಿನ ಮಂಡಪಂ ಮತ್ತು ಕೇರಳದ ವಿಳಿಂಜಂ ಕೇಂದ್ರಗಳಲ್ಲಿ ಹಲವು ಜಾತಿಯ ಕ್ಲೌನ್ ಮೀನುಗಳ ಮರಿ ಉತ್ಪಾದನಾ ವಿಧಾನವನ್ನು ರೂಪಿಸಿದೆ. ಹೀಗಾಗಿ ಮೀನಿಗಾಗಿ ಸಮುದ್ರವನ್ನು ಬರಿದು ಮಾಡಬೇಕಾಗಿಲ್ಲ. ಮರಿ ಕೇಂದ್ರದ ಮೀನು ತೊಟ್ಟಿಗೂ ಸಿದ್ಧ ಆಹಾರಕ್ಕೂ ಒಗ್ಗಿರುತ್ತದೆ. ಕೆಲವು ದೇಶಗಳಲ್ಲಿ ಹವಳದ ದಿಬ್ಬಗಳ ಮೀನುಗಳನ್ನು ಹಿಡಿಯಲು ಸಯನೈಡ್ ವಿಷವನ್ನು ಬಳಸುವುದುಂಟು. ಹಾಗೆ ಹಿಡಿದ ಮೀನು ಬಹಳ ಕಾಲ ಬಾಳುವುದಿಲ್ಲ.

ಹೂವಿನ ಸ್ಥಿತಿ ಬೇರೆ. ಅದು ನಿಧಾನವಾಗಿ ಬೆಳೆಯುವ, ದೀರ್ಘಾಯುಷಿ ಪ್ರಾಣಿ. ಸಮುದ್ರದಿಂದ ಒಂದು ಹೂವನ್ನು ಕಿತ್ತರೆ ಅದರ ಆಶ್ರಯದಲ್ಲಿದ್ದ ಮೀನಿನ ಸಂಸಾರವೂ ನಾಶವಾಗುತ್ತದೆ. ಸಮುದ್ರದ ಉಷ್ಣತೆ ಏರಿದ ವರ್ಷಗಳಲ್ಲಿ ಹವಳಗಳಂತೆ ಕಡಲ ಹೂಗಳೂ ಬಿಳಿಚುತ್ತವೆ. 2016ರಲ್ಲಿ ಪೆಸಿಫಿಕ್ ಸಾಗರದ ಮೂರಿಯ ದ್ವೀಪದಲ್ಲಿ ಬಿಳಿಚಿದ ಹೂಗಳಲ್ಲಿದ್ದ ಕ್ಲೌನ್ ಮೀನುಗಳು ಮೊಟ್ಟೆ ಇಡುವುದು ಬಹಳ ಕುಗ್ಗಿತ್ತು. ನಮ್ಮ ಲಕ್ಷದ್ವೀಪದಲ್ಲಿ 2024ರಲ್ಲಿ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿದವು. ಇಂತಹ ಕಾಲದಲ್ಲಿ ಉಳಿದ ಹೂಗಳನ್ನು ಕೀಳುವುದು ಬಿತ್ತನೆಯ ಬೀಜವನ್ನೇ ಉಂಡಂತೆ.

ಕಾನೂನಿನ ತಿಳಿವಳಿಕೆಯೂ ಅವಶ್ಯಕ. ಹವಳದ ಜೀವಿಗಳನ್ನು 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯ 1ನೆಯ ಅನುಸೂಚಿಗೆ 2001ರಲ್ಲಿ ಸೇರಿಸಲಾಯಿತು. ಸಮುದ್ರದಿಂದ ಹವಳವನ್ನಾಗಲಿ ಹವಳದ ಬಂಡೆಯನ್ನಾಗಲಿ ತೆಗೆಯುವುದು, ಮಾರುವುದು ಶಿಕ್ಷಾರ್ಹ ಅಪರಾಧ. ತೊಟ್ಟಿಯ ಅಲಂಕಾರಕ್ಕೆ ಸೆರಾಮಿಕ್ ಕಲ್ಲು, ಹಂಚು, ಮಣ್ಣಿನ ಕುಂಡಗಳನ್ನೇ ಬಳಸಬೇಕು. ಮನ್ನಾರ್ ಕೊಲ್ಲಿಯಂತಹ ಸಾಗರ ರಾಷ್ಟ್ರೀಯ ಉದ್ಯಾನಗಳಿಂದ ಯಾವ ಜೀವಿಯನ್ನೂ ತೆಗೆಯುವಂತಿಲ್ಲ. ಹೂವನ್ನು ಕೊಳ್ಳುವಾಗ ಅದು ತೊಟ್ಟಿಯಲ್ಲಿ ಬೆಳೆದದ್ದೇ ಎಂದು ವಿಚಾರಿಸಿ, ರಸೀದಿ ಪಡೆಯುವುದು ಕ್ಷೇಮ.

ನೆನಪಿಡಬೇಕಾದ ಅಂಶಗಳು

1. ಮೊದಲು ನೀರು, ನಂತರ ಮೀನು, ಕೊನೆಗೆ ಹೂ. ಹೂವಿಗೆ ಕನಿಷ್ಠ 6 ತಿಂಗಳು ಕಾಯಬೇಕು.
2. ಒಸೆಲ್ಲಾರಿಸ್ ಮೀನಿಗೆ ತೊಟ್ಟಿಯಲ್ಲಿ ಬೆಳೆದ ಗುಳ್ಳೆತುದಿ ಹೂ ತಕ್ಕ ಜೊತೆ.
3. ಮರಿ ಕೇಂದ್ರದ ಮೀನನ್ನೇ ಕೊಳ್ಳಬೇಕು.
4. ತೊಟ್ಟಿಯ ಹತ್ತಿರ ತಾಮ್ರ ಸುಳಿಯಬಾರದು.
5. ಪಂಪಿಗೆ ಜಾಲರಿ, ವಿದ್ಯುತ್ ನಿಂತಾಗ ಬ್ಯಾಟರಿ ತಪ್ಪದೆ ಇರಬೇಕು.
6. ಹೂವಿಗೆ ತಕ್ಕ ಅನುಕೂಲವಿಲ್ಲದಿದ್ದರೆ ಮೀನಿಗೆ ಒಂದು ಮಣ್ಣಿನ ಕುಂಡ ಸಾಕು.

ಆಸಕ್ತ ರೈತರು ಹೆಚ್ಚಿನ ಮಾಹಿತಿಗೆ 1969ರಲ್ಲಿ ಸ್ಥಾಪನೆಯಾದ ಮಂಗಳೂರಿನ ಮೀನುಗಾರಿಕೆ ಕಾಲೇಜನ್ನು, ಮಂಗಳೂರು ಮತ್ತು ಕಾರವಾರದಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರಗಳನ್ನು ಅಥವಾ ಸಮೀಪದ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು. ಹಣ ಹೂಡುವ ಮೊದಲು ನಡೆಯುತ್ತಿರುವ ಒಂದು ಘಟಕವನ್ನು ಕಣ್ಣಾರೆ ನೋಡಿ, ನೀರಿನ ಪರೀಕ್ಷೆಯನ್ನು ಕೈಯಾರೆ ಮಾಡಿ ಕಲಿತರೆ ಈ ಉಪಕಸುಬಿನಲ್ಲಿ ನಷ್ಟದ ಭಯ ಬಹಳ ಕಡಮೆಯಾಗುತ್ತದೆ.